ಗಂಟೆಯ ಕೆಳಗಿನ ಬೋರ್ಡು

“ಆ ಫಿರಂಗಿ ಗುಂಡಿನ ಕಥೆ ಇವತ್ತಿಗೆ ಸಾಕು ಅಕ್ಕ. ನಾಳೆಯಿಂದ ಹೇಳ್ಬೇಡಿ,” ಎಂದಳು ಮ್ಯೂಸಿಯಂನ ಹೊಸ ಮೇಲ್ವಿಚಾರಕಿ, ಪ್ರವಾಸಿಗರ ಗುಂಪು ಅತ್ತ ಬಸ್ಸು ಹತ್ತಿದ ಮೇಲೆ.

ಕೊಡೆಯಕ್ಕ ಮಡಚುತ್ತಿದ್ದ ಕೆಂಪು ಕೊಡೆಯನ್ನು ಅರ್ಧಕ್ಕೇ ನಿಲ್ಲಿಸಿದಳು. ಆ ಕೊಡೆ ಎತ್ತಿ ಹಿಡಿದು ಮೂವತ್ತು ವರ್ಷದಿಂದ ಊರು ತೋರಿಸುತ್ತ ಬಂದ ಗೈಡ್ ಅವಳು. ಅವಳ ಸ್ವಂತ ಹೆಸರು ಬ್ಯಾಡ್ಜಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬೆಳಿಗ್ಗೆ ಮೊದಲು ಕಡಲಬಂಡೆ. ಅಲ್ಲಿ ಅಲೆ ಬಂಡೆಯ ತೂತಿನೊಳಗೆ ನುಗ್ಗಿ ಮೂರಾಳೆತ್ತರ ಚಿಮ್ಮುತ್ತದೆ, ಜನ ಹೋ ಎಂದು ಚಪ್ಪಾಳೆ ತಟ್ಟುತ್ತಾರೆ. ಅವಳೊಬ್ಬಳು ಮಾತ್ರ ಎರಡೂ ಕೈಯಲ್ಲಿ ಕೊಡೆ ಹಿಡಿದು ಸುಮ್ಮನೆ ನಿಂತಿರುತ್ತಾಳೆ. ಆಮೇಲೆ, ಹಡಗಿನಲ್ಲಿ ಬಂದ ಪರದೇಶದವರು ಕಟ್ಟಿದ ಚರ್ಚು. ಕೊನೆಗೆ ಚರ್ಚಿನ ಮಗ್ಗುಲಿನ ಮ್ಯೂಸಿಯಂ, ಅಲ್ಲಿ ಮರದ ಚೌಕಟ್ಟಿನಲ್ಲಿ ಕೂತ, ಬಿರುಕು ಬಿಟ್ಟ ಹಳೇ ಗಂಟೆ. “ಕಡಲ್ಗಳ್ಳರ ಫಿರಂಗಿ ಗುಂಡು ಬಂದು ಠಣ್ ಅಂತ ಬಡೀತು ನೋಡಿ!” ಎಂದು ಕೊಡೆಯ ತುದಿಯಿಂದ ಬಿರುಕು ತೋರಿಸಿದರೆ ಎಂಥ ಬಿಗುಮಾನದವರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

“ಜನಕ್ಕೆ ಖುಷಿ ಮೇಡಂ. ಅದರಿಂದ ಯಾರಿಗೇನು ನಷ್ಟ?”

“ಸುಳ್ಳು ಅಂತ ಗೊತ್ತಾದ್ಮೇಲೆ ಹೇಗಕ್ಕ ಹೇಳೋದು? ಚರ್ಚಿನ ಹಳೇ ದಾಖಲೆ ಪುಸ್ತಕ ಸಿಕ್ಕಿದೆ. ಅದರಲ್ಲಿದ್ದದ್ದನ್ನೇ ಗಂಟೆ ಕೆಳಗೆ ಹಾಕೋ ಬೋರ್ಡಿಗೆ ಬರೆಸ್ತಿದ್ದೀನಿ, ನಾಳೆ ಅಚ್ಚಿಗೆ ಹೋಗುತ್ತೆ. ಓದ್ತೀನಿ ಕೇಳಿ.” ಹುಡುಗಿ ಕೆಟ್ಟವಳಲ್ಲ, ಕೆಲಸದಲ್ಲಿ ಬಲು ಕಟ್ಟುನಿಟ್ಟು, ಅಷ್ಟೇ. ಕಾಗದ ಬಿಡಿಸಿ ಓದಿದಳು: “ಉಜ್ಜಿ ತೊಳೆಯಲು ಗೋಪುರದಿಂದ ಇಳಿಸುವಾಗ, ಗಂಟೆ ಬಾರಿಸುವವನು ಕುಡಿದ ಅಮಲಿನಲ್ಲಿ ಹಗ್ಗ ಕೈಬಿಟ್ಟದ್ದರಿಂದ ಇದು ಬಿದ್ದು ಬಿರುಕು ಬಿಟ್ಟಿತು. ಅವನನ್ನು ಕೆಲಸದಿಂದ ತೆಗೆಯಲಾಯಿತು.”

ಆ ‘ಕುಡುಕ’ ಕೊಡೆಯಕ್ಕನ ಅಪ್ಪ. ಜನ್ಮದಲ್ಲಿ ಒಂದು ದಿನ ಹೆಂಡ ಮೂಸಿದವನಲ್ಲ. ಊರು ಎಂದೋ ಮರೆತ ಮಾತನ್ನು ಇನ್ನು ಬಸ್ಸುಗಟ್ಟಲೆ ಜನ ಬಂದು ಓದುತ್ತಾರೆ. ಅದೂ ಅವಳೇ ಕರೆತಂದ ಜನ, ಅವಳ ಕೊಡೆಯ ತುದಿ ತೋರಿಸಿದ ಕಡೆಗೇ ನೋಡುತ್ತ. ತೆಪ್ಪಗಿದ್ದರೆ ಅವಳಿಗೇನೂ ಆಗುವುದಿಲ್ಲ. ಬಾಯಿ ಬಿಟ್ಟರೆ, ಗೊತ್ತಿದ್ದೂ ಮೂವತ್ತು ವರ್ಷ ರೀಲು ಬಿಟ್ಟ ಗೈಡಿಗೆ ಬ್ಯಾಡ್ಜು ಉಳಿಯುವುದು ಅನುಮಾನ. ಅವಳು ಬ್ಯಾಡ್ಜು ಬಿಚ್ಚಿ ತಾನೇ ಮೇಜಿನ ಮೇಲಿಟ್ಟಳು.

“ಅದನ್ನ ಹೊಡೆದುಹಾಕಿ ಮೇಡಂ. ಅವರು ನಮ್ಮಪ್ಪ. ಕುಡಿದಿರಲಿಲ್ಲ. ಹಗ್ಗ ಬಿಟ್ಟವರೂ ಅವರಲ್ಲ.”

“ಮತ್ತೆ ಯಾರು?”

“ನಾನು.”

ಮೇಲ್ವಿಚಾರಕಿ ಕುರ್ಚಿ ಎಳೆದು ಕೊಟ್ಟಳು. ಕೊಡೆಯಕ್ಕ ಕೂರಲಿಲ್ಲ.

“ನನಗಾಗ ಹತ್ತು ವರ್ಷ. ಹಗ್ಗವನ್ನ ಗೋಪುರದ ಕಂಬಕ್ಕೆ ಎರಡು ಸುತ್ತು ಸುತ್ತಿದ್ರು. ಭಾರ ಎಲ್ಲ ಕಂಬದ ಮೇಲೆ. ಮೇಲೆ ನಿಂತ ನನ್ನ ಕೈಗೆ ತುದಿ ಕೊಟ್ಟಿದ್ರು. ಸ್ವಲ್ಪಸ್ವಲ್ಪಾನೇ ಸಡಿಲ ಬಿಟ್ರೆ ಆಯ್ತು, ಮಗು ಕೂಡ ಮಾಡೋ ಕೆಲಸ. ಅಪ್ಪ ಕೆಳಗಿನ ಕಿಟಕಿಯಲ್ಲಿ ನಿಂತು ಗಂಟೆ ಗೋಡೆಗೆ ತಾಗದ ಹಾಗೆ ಆಚೆ ನೂಕ್ತಿದ್ರು. ಅಷ್ಟೆತ್ತರದಿಂದ ನಾನು ಕಡಲಬಂಡೆ ನೋಡಿದ್ದು ಅದೇ ಮೊದಲು. ನೀರು ಚಿಮ್ತು ನೋಡಿ, ಅಯ್ಯೋ, ಎಷ್ಟು ಚೆನ್ನಾಗಿತ್ತು ಮೇಡಂ! ಚಪ್ಪಾಳೆ ತಟ್ಟಿಬಿಟ್ಟೆ.”

ಹೇಳುತ್ತ ಹೇಳುತ್ತ ಅವಳ ಕೈ ಕೊಡೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು.

“ನಾವಿಬ್ಬರೂ ಕೆಳಗಿಳಿಯೋಷ್ಟರಲ್ಲಿ, ಗಂಟೆ ಬಿದ್ದ ಸದ್ದು ಕೇಳಿ ಪಾದ್ರಿಗಳು ಓಡಿ ಬಂದ್ರು. ‘ಇಷ್ಟು ಹುಷಾರಿನವನು, ಹೇಗಯ್ಯ ಕೈಬಿಟ್ಟೆ?’ ಅಂದ್ರು. ಅಪ್ಪ ನನ್ನನ್ನ ಬೆನ್ನ ಹಿಂದಕ್ಕೆ ಸರಿಸಿ, ‘ಕುಡಿದಿದ್ದೆ ಫಾದರ್’ ಅಂದುಬಿಟ್ರು. ನಾನು ಅಂತ ಗೊತ್ತಾಗಿದ್ರೆ ಊರೆಲ್ಲ ನನ್ನನ್ನೇ ಆಡ್ಕೊಳ್ತಿತ್ತಲ್ಲ. ಗೈಡ್ ಆದ ಹೊಸದರಲ್ಲಿ ಯಾರೋ ಕೇಳಿದ್ರು, ಈ ಬಿರುಕು ಹೇಗಾಯ್ತು ಅಂತ. ಅಪ್ಪನ್ನ ಕುಡುಕ ಅನ್ನೋಕೆ ಬಾಯಿ ಬರಲಿಲ್ಲ, ನಾನು ಅನ್ನೋಕೆ ಧೈರ್ಯ ಬರಲಿಲ್ಲ. ಕಡಲ್ಗಳ್ಳರ ತಲೆಗೆ ಕಟ್ಟಿದೆ.”

ಮೇಲ್ವಿಚಾರಕಿಗೆ ನಗು ಬಂತು, ಕಣ್ಣೂ ತುಂಬಿತು. ಪೆನ್ನು ತೆಗೆದು ಬರೆದದ್ದನ್ನೆಲ್ಲ ಹೊಡೆದುಹಾಕಿದಳು. ಬ್ಯಾಡ್ಜನ್ನು ಕೊಡೆಯಕ್ಕನತ್ತ ನೂಕಿ, “ಬೋರ್ಡು ನನ್ನ ಜವಾಬ್ದಾರಿ. ಬ್ಯಾಡ್ಜು ಕೊಡೋದು, ಕಿತ್ಕೊಳ್ಳೋದು ಪ್ರವಾಸೋದ್ಯಮ ಆಫೀಸಿನ ಕೆಲಸ, ಇದು ನನ್ನ ಮೇಜಿನ ಮೇಲೆ ಯಾಕಿದೆ?” ಎಂದು ಗದರಿದಳು.

ವಾರ ಕಳೆದು ಬೋರ್ಡು ಬಂತು. ಅಂದಿನ ಗುಂಪಿನಲ್ಲಿದ್ದ ಹೆಂಗಸೊಬ್ಬಳು ಕನ್ನಡಕ ಏರಿಸಿಕೊಂಡು ಎಲ್ಲರಿಗೂ ಕೇಳುವಂತೆ ಓದಿದಳು: “ಗೋಪುರದಿಂದ ಇಳಿಸುವಾಗ, ಗಂಟೆ ಬಾರಿಸುವವನ ಹತ್ತು ವರ್ಷದ ಮಗಳು ಹಗ್ಗ ಕೈಬಿಟ್ಟದ್ದರಿಂದ ಇದು ಬಿದ್ದು ಬಿರುಕು ಬಿಟ್ಟಿತು.” ಓದಿ ಮುಗಿಸಿ ಮೂಗಿನ ಮೇಲೆ ಬೆರಳಿಟ್ಟಳು.

“ಅಬ್ಬಬ್ಬಾ, ಎಂಥ ತರಲೆ ಹುಡುಗಿ ಇದ್ದಿರಬೇಕು! ಅವಳಪ್ಪ ಬೆನ್ನಿನ ಚರ್ಮ ಸುಲಿದಿರ್ತಾನೆ, ಅಲ್ವಾ ಅಕ್ಕ?”

ಕೊಡೆಯಕ್ಕ ಕೊಡೆ ಕೆಳಗಿಳಿಸಿದಳು.

“ಇಲ್ಲ ತಾಯಿ, ಒಂದೇಟೂ ಹೊಡೀಲಿಲ್ಲ. ಕೈ ಹಿಡ್ಕೊಂಡು ಮನೆಗೆ ಹೋಗ್ತಾ, ‘ನೀರು ಎಷ್ಟೆತ್ತರ ಚಿಮ್ತು ಮಗಳೇ?’ ಅಂತ ಕೇಳಿದ್ರು.”