ಹನ್ನೆರಡು ಗುಳಿಯ ಐಸ್ ಟ್ರೇ

ಬಸಂತರಾಯನ ಮೀಸೆ ಹಸಿಯಾಗಿತ್ತು. ಹೆಂಡತಿ ಕಸ್ತೂರೆವ್ವ ಅದನ್ನು ನೋಡಿಬಿಟ್ಟಳು.

“ಮೀಸಿ ಯಾಕ ಹಸಿ ಐತಿ?”

“ಮಾರಿ ತೊಳಕೊಂಡೆ.”

“ಮಾರಿ ಒಣಗೇತಿ. ಮೀಸಿ ಒಂದ ತೊಳಕೊಂಡ್ರೇನು?”

ಅವನು ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ಹೊರಸಿನ ಮೇಲೆ ಅಡ್ಡಾದ. ಮತ್ತೆ ಕೇಳುವ ತ್ರಾಣ ಅವಳಿಗೂ ಇರಲಿಲ್ಲ. ಮಸೂತಿ ಊರಿನ ಏಪ್ರಿಲ್ ಬಿಸಿಲಿಗೆ ಜಗಳವೂ ಸಾಕೆನಿಸುತ್ತದೆ.

ಒಂಬತ್ತು ತಿಂಗಳಿಂದ ಆ ಮನೆಯಲ್ಲಿ ನೀರು ಕುಡಿಯುವುದೆಂದರೆ ಕಳ್ಳತನ. ಮೂತ್ರಪಿಂಡ ಕೈಕೊಟ್ಟಿತ್ತು. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಅಳತೆ ಮೀರಿದ ನೀರು ಹೊರಗೆ ಹೋಗುವುದಿಲ್ಲ, ಎದೆಯಲ್ಲಿ ತುಂಬುತ್ತದೆ, ಉಸಿರು ನಿಲ್ಲುತ್ತದೆ. ವಾರಕ್ಕೆ ಎರಡು ಸಲ ಬಾಗೇವಾಡಿಗೆ ಹೋಗಿ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಇಬ್ಬರೂ ಕೂಡಿಯೇ ಬಸ್ಸು ಹತ್ತುತ್ತಿದ್ದರು. ಚೀಲ ಮಾತ್ರ ಯಾವಾಗಲೂ ಬಸಂತರಾಯನ ಹೆಗಲಿಗೆ.

ನೀರು ಕುಡಿದರೆ ಒಂದೇ ಗುಟುಕಿಗೆ ಮುಗಿಯುತ್ತದೆ, ಐಸ್ ಚೀಪಿದರೆ ಅದೇ ನೀರು ಹತ್ತು ನಿಮಿಷ ಬಾಳುತ್ತದೆ ಎಂದು ಅಲ್ಲಿಯ ನರ್ಸ್ ಹೇಳಿಕೊಟ್ಟಳು. ಅಂದಿನಿಂದ ಫ್ರಿಜ್ಜಿನ ಐಸ್ ಟ್ರೇ ಮನೆಯನ್ನು ಆಳತೊಡಗಿತು. ಬಿಳಿ ಪ್ಲಾಸ್ಟಿಕ್ಕು, ಹನ್ನೆರಡು ಗುಳಿ. ಎರಡು ತುದಿ ಹಿಡಿದು ತಿರುಚಿದರೆ ತುಂಡು ತಾನೇ ಏಳುತ್ತದೆ. ಮಾಡಿದವನು ಶರಬತ್ತಿಗೆಂದು ಮಾಡಿರಬೇಕು. ಇಲ್ಲಿ ಅದು ದಿನದ ಪಾಲು.

ಡಾಕ್ಟರು ಪಥ್ಯ ಹೇಳಿದ್ದು ಒಬ್ಬರಿಗೆ. ಹಿಡಿದದ್ದು ಇಬ್ಬರೂ. ಬಸವಣ್ಣನ ಗುಡಿಯ ಮೆಟ್ಟಿಲ ಮೇಲೆ ಮಾತಾಗಿತ್ತು: ಒಬ್ಬರನ್ನು ಬಿಟ್ಟು ಒಬ್ಬರು ನೀರು ಮುಟ್ಟಬಾರದು. ಮದುವೆಯಲ್ಲಿ ಬಂದ ತಾಮ್ರದ ತಂಬಿಗೆ ಟ್ರಂಕು ಸೇರಿತು. ಆರು ತುಂಡು ಅವನಿಗೆ, ಆರು ಅವಳಿಗೆ. ಮೊದಮೊದಲು ಅವನು ತನ್ನದರಲ್ಲಿ ಎರಡು ಅವಳತ್ತ ಸರಿಸುತ್ತಿದ್ದ. ಅಳತೆ ಅಂದರೆ ಅಳತೆ ಎಂದು ಅವಳು ಗದರಿ ಹಿಂದಕ್ಕೆ ತಳ್ಳುತ್ತಿದ್ದಳು.

ಈಗ ಮೀಸೆ ಹಸಿ. ತುಟಿ ಒಡೆದಿಲ್ಲ. ಹಿತ್ತಲಿಗೂ ದಿನಕ್ಕೆ ನಾಲ್ಕೈದು ಸಲ ಹೋಗಿಬರುತ್ತಾನೆ. ಅವಳಿಗೆ ಸಂಶಯ ಉಳಿಯಲಿಲ್ಲ. ಸಾಕ್ಷಿ ಬೇಕಿತ್ತು, ಅಷ್ಟೇ.

ಮರುದಿನ ಸಂಜೆ ನಾಲ್ಕು ಗಂಟೆಗೆ ಅವನು ಗುಡಿಗೆಂದು ಎದ್ದ. ಕಸ್ತೂರೆವ್ವ ಹಿಂದೆಯೇ ಹೊರಟಳು. ಬಲಗೈಯ ಬಳೆ ಸದ್ದು ಮಾಡದಂತೆ ಸೆರಗು ಸುತ್ತಿಕೊಂಡಳು. ಎಡಗೈ ಬೋಳಾಗಿತ್ತು. ದಾರಿಯಲ್ಲಿ ಎರಡು ಕಡೆ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡಳು. ಅವನು ಗುಡಿ ದಾಟಿ ಆಚೆ ಓಣಿಯ ಮಾಬುಬಿಯ ಅಂಗಳ ಹೊಕ್ಕ. ಇವಳು ಜೋಳದ ಕಣಕಿಯ ಬಣವೆಯ ಮರೆಗೆ ನಿಂತಳು.

ಮಾಬುಬಿ ಚರಿಗೆ ತುಂಬ ನೀರು ಕೊಟ್ಟಳು. ಅವನು ಉಸಿರು ಬಿಡದೆ ಎತ್ತಿ ಕುಡಿದ. ಇನ್ನೊಂದು ಕೇಳಿದ.

“ದಿನಾ ಇಲ್ಲಿಗೆ ಬರ್ತೀರಲ್ಲ ಕಾಕಾ, ನಿಮ್ಮ ಮನ್ಯಾಗ ನಳಾ ಬಂದಿಲ್ಲೇನ್ರಿ?”

“ನಳಾ ಐತಿ ಬಿಡವಾ. ಆಕಿ ಅದಾಳಲ್ಲ. ಆಕಿ ಮುಂದ ಗುಟುಕ ಇಳಿಯಂಗಿಲ್ಲ.”

“ಹೆಂಡ್ತಿಗೆ ಇಷ್ಟ ಅಂಜೂ ಗಂಡ್ಸನ್ನ ನಾ ನೋಡಿಲ್ಲ.”

ಅವನು ನಗಲಿಲ್ಲ. ಹೌದು, ಅಂಜುತ್ತೇನೆ ಎಂದು ಮೀಸೆ ಒರೆಸಿಕೊಂಡು ಅಲ್ಲೇ ಕಟ್ಟೆಗೆ ಕೂತ. ಕಸ್ತೂರೆವ್ವ ತಿರುಗಿ ನಡೆದಳು.

ಅವನು ಮನೆಗೆ ಬರುವಷ್ಟರಲ್ಲಿ ತಾಮ್ರದ ತಂಬಿಗೆ ಟ್ರಂಕಿನಿಂದ ಹೊರಗೆ ಬಂದಿತ್ತು. ಕಂಠಮಟ ನೀರು.

“ಕುಡೀರಿ.”

ಅವನು ಬಾಗಿಲಲ್ಲೇ ನಿಂತ.

“ಮಾಬುಬಿ ಮನಿ ನೀರ ಇಳೀತಲ್ಲ, ಇದೂ ಇಳೀತೈತಿ. ಕುಡೀರಿ, ನನ್ನ ಮುಂದ.”

“ತಪ್ಪಾತು, ಕಸ್ತೂರಿ.”

“ಕುಡೀರಿ ಅಂದೆ.”

ಅವನು ತಂಬಿಗೆ ಎತ್ತಿದ. ಒಂದೊಂದೇ ಗುಟುಕು ಗಂಟಲಿಳಿಯುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ತಂಬಿಗೆ ಬರಿದಾಯಿತು.

ಆಮೇಲೆ ಟ್ರೇ ತಿರುಚಿ ತನ್ನ ಪಾಲಿನ ಕೊನೆಯ ತುಂಡನ್ನು ಬಾಯಿಗಿಟ್ಟುಕೊಂಡು ಅವನ ಪಕ್ಕ ಕೂತಳು. ನಾಳೆ ಮತ್ತೆ ಬಾಗೇವಾಡಿಯ ಯಂತ್ರಕ್ಕೆ ಒಡ್ಡಬೇಕಾದ, ಸೂಜಿಯ ಕಲೆಗಳಿಂದ ತುಂಬಿದ ತನ್ನ ಬೋಳು ಎಡಗೈಯನ್ನು ಅವನ ತೊಡೆಯ ಮೇಲೆ ಇಟ್ಟಳು.