ಬೆಳಕು ಬೀಳುವ ಕಡೆ

"ಕೆಲಸದ ಮೇಜು ಎಲ್ಲಿ ಬರ್ಬೇಕು, ನೀನ ಹೇಳಪಾ," ಎಂದು ಭಾಲಚಂದ್ರರಾಯರು ಸೀಮೆಸುಣ್ಣವನ್ನು ಮಚ್ಛೇಂದ್ರನ ಕೈಗಿಟ್ಟರು. ಬೀದರಿನ ತಮ್ಮ ಮನೆಯ ಹಳೆಯ ಕಾರ್ ಶೆಡ್ ಕೆಡವಿ, ಅಲ್ಲಿ ಅದರ ಎರಡರಷ್ಟು ದೊಡ್ಡ ಬಡಗಿ ಕೋಣೆ ಕಟ್ಟಿಸುವುದಾಗಿ ನಿವೃತ್ತ ಪ್ರಾಧ್ಯಾಪಕರು ಆಗಷ್ಟೇ ಹೇಳಿದ್ದರು.

ಮಳೆ ಕೈಕೊಟ್ಟ ಎರಡನೆಯ ವರ್ಷ ತನ್ನ ಹಳ್ಳಿ ಡಾಬಕಾದಲ್ಲಿ ಬಾಗಿಲು ಮಾಡಿಸುವವರೇ ಇಲ್ಲವಾದಾಗ, ಬಡಗಿ ಮಚ್ಛೇಂದ್ರ ಹೆಂಡತಿ ಸುಭದ್ರಾಬಾಯಿಯೊಂದಿಗೆ ಬಂದು ಇದೇ ಶೆಡ್ಡಿನಲ್ಲಿ ನೆಲೆಸಿದ್ದ. ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊತ್ತು ಅವನ ಭುಜ ಕಪ್ಪುಗಟ್ಟಿತ್ತು. ಈಗ ಅವನು ಮಂಡಿಯೂರಿ, ಗೇಣು ಹಾಕಿ ನೆಲ ಅಳೆದ. "ಕಿಟಕಿ ಕಡಿ ಇರ್ಲಿರಿ ಸರ್. ಎಡಗಡಿಂದ ಬೆಳಕ ಬಿದ್ರ ಕಟಗಿ ಮ್ಯಾಲ ಗುರ್ತು ಛಂದ ಕಾಣ್ತದ," ಎಂದು ಹೆಂಡತಿಯ ಒಲೆಗೆ ತಾಗಿಯೇ ಗೆರೆ ಎಳೆದ. ಊರು ಬಿಟ್ಟ ಮೇಲೆ ಗಂಡ ಇಷ್ಟು ಹುರುಪಿನಿಂದ ಮಾತಾಡಿದ್ದನ್ನು ಕೇಳಿರದ ಸುಭದ್ರಾಬಾಯಿ ಒಲೆಯ ಮುಂದೆ ಕೂತಲ್ಲೇ ನಗುತ್ತ ಕಾಲು ಸರಿಸಿದಳು.

"ನಾ ಯಾವಾಗಿಂದ ಕೆಲಸಕ್ಕ ಬರ್ಲಿರಿ?" ಎಂದ ಮಚ್ಛೇಂದ್ರ.

ರಾಯರಿಗೆ ಮೊದಲು ಅರ್ಥವಾಗಲಿಲ್ಲ. "ಕೆಲಸಕ್ಕಲ್ಲಪಾ. ನನಗ ಹೊತ್ತು ಹೋಗ್ಬೇಕಲ್ಲ, ನಾನೇ ಕುರ್ಚಿ ಮಾಡ್ತೇನಿ. ನೀವು ಐತವಾರದೊಳಗ ಬ್ಯಾರೆ ಕಡಿ ಮನಿ ನೋಡ್ಕೊಳ್ರಿ."

ಸುಭದ್ರಾಬಾಯಿಯ ನಗು ನಿಂತಿತು. "ನಿಮಗ ಯಾರು ಕಲಿಸ್ತಾರರಿ ಸರ್?" ಎಂದು ಕೇಳಿದಳು.

"ಎಲ್ಲಾ ಮೊಬೈಲ್‌ನ್ಯಾಗ ಬರ್ತದವ್ವಾ."

ಮಚ್ಛೇಂದ್ರ ತಾನೆಳೆದ ಗೆರೆಯ ಮೇಲೆ ಸೀಮೆಸುಣ್ಣ ಇಟ್ಟ. ಆಮೇಲೆ ಎದ್ದು, ರಾಯರ ಮೆತ್ತಗಿನ ಕೈಗಳನ್ನು ಒಮ್ಮೆ ದಿಟ್ಟಿಸಿ ಹೇಳಿದ: "ಗರಗಸ ಹಿಡಿಯೂವಾಗ ಹೆಬ್ಬಟ್ಟು ದೂರ ಇಟ್ಕೊಳ್ರಿ ಸರ್. ಕೊಯ್ತದ."