ಹಸಿರು ಮೇಲೆ

ಹಗ್ಗ ಎಳೆದೊಡನೆ ಗಂಟು ಬಿಚ್ಚಿ ಹೂವಿನ ಪಕಳೆಗಳು ಉದುರಿದವು. ರೀಲಿನ ಕ್ಯಾಮೆರಾದೊಳಗಿಂದ ನೋಡುತ್ತಿದ್ದ ಪೇಪರಿನ ಫೋಟೋಗ್ರಾಫರ್ ಮೈನುದ್ದೀನನ ಬೆರಳು ಮಾತ್ರ ಗುಂಡಿಯ ಮೇಲೆಯೇ ನಿಂತುಬಿಟ್ಟಿತು. ಬಾವುಟದಲ್ಲಿ ಹಸಿರು ಮೇಲಿತ್ತು, ಕೇಸರಿ ಕೆಳಗಿತ್ತು. ಶಾಲೆಯ ಅಂಗಳದಲ್ಲಿ ಎಲ್ಲರೂ ಸೆಟೆದು ನಿಂತು ರಾಷ್ಟ್ರಗೀತೆ ಹಾಡುತ್ತಿದ್ದರು. ಎದುರು ಬಿಸಿಲಿಗೆ ಯಾರೂ ತಲೆಯೆತ್ತಿರಲಿಲ್ಲ.

ಬಾವುಟ ಕಟ್ಟಿದವರು ಶಾಲೆಯ ಶಿಕ್ಷಕಿ ಸಿದ್ದಲಿಂಗವ್ವ ಅಕ್ಕೋರು. ರೋಣದಿಂದ ಮೊದಲ ಬಸ್ಸಿಗೆ ಬಂದಿದ್ದ ಅವನು, ಅವರು ಅದನ್ನು ಮಡಿಸಿ ಕಟ್ಟುವುದನ್ನು ಕಣ್ಣಾರೆ ಕಂಡಿದ್ದ. ಫೋಟೋ ತೆಗೆದರೆ ನಾಳೆ ಪೇಪರಿನಲ್ಲಿ ಅವರ ಮಾನ ಹೋಗುತ್ತದೆ. ಬಾಯಿ ಬಿಟ್ಟರೆ, ಆ ಹಸಿರು ಸಾಬರವನ ಕಣ್ಣಿಗೇ ಹೇಗೆ ಬಿತ್ತು ಎಂದು ಊರು ಕೇಳುತ್ತದೆ.

ಹಾಡು ಮುಗಿಯಿತು. ಹಣೆಯ ಮೇಲಿನ ಕೈ ಇಳಿಸದೆಯೇ ಪಂಚಾಯಿತಿ ಅಧ್ಯಕ್ಷ ಗುರುಸಂಗಪ್ಪ ಗದರಿದ: “ಲಗೂ ಹೊಡಿಯೋ ಫೋಟೋ, ಕೈ ನೋಯಾಕತ್ತೈತಿ.”

“ಝೆಂಡಾ ಉಲ್ಟಾ ಐತ್ರೀ,” ಎಂದ ಮೈನುದ್ದೀನ.

ತಲೆಗಳೆಲ್ಲ ಮೇಲೆದ್ದವು, ಆಮೇಲೆ ಅವನತ್ತ ತಿರುಗಿದವು. “ಮುಂಜಾನಿ ಎಲ್ಲಾರಕಿಂತ ಮೊದಲ ಬಂದಾವ ನೀನ ಅಲ್ಲೇನೋ? ಹಸರ ಮ್ಯಾಲ ಇದ್ರ ನಿನಗ ಭಾಳ ಚಲೋ ಕಾಣತಿರಬೇಕು,” ಎಂದ ಗುರುಸಂಗಪ್ಪ. ಯಾರೋ ಕಿಸಕ್ಕನೆ ನಕ್ಕರು. ಮೈನುದ್ದೀನನ ನಾಲಿಗೆಯ ತುದಿಗೆ ಅಕ್ಕೋರ ಹೆಸರು ಬಂದಿತ್ತು. ಅವನು ನುಂಗಿಕೊಂಡ.

“ಕಟ್ಟಿದಾಕಿ ನಾನ್ರೀ,” ಎನ್ನುತ್ತ ಸಿದ್ದಲಿಂಗವ್ವ ಸಾಲಿನಿಂದ ಹೊರಬಂದರು. ಬಾವುಟ ಇಳಿಸಿ ಅವನ ಎರಡೂ ಕೈಗಳಲ್ಲಿ ಇಟ್ಟರು. “ಇಲ್ಲೆ ಕಣ್ಣಿದ್ದಾವ ನೀ ಒಬ್ಬನ. ನೀನ ಕಟ್ಟಪಾ.”

ಅವನು ಕ್ಯಾಮೆರಾವನ್ನು ಬೆನ್ನಿಗೆ ಸರಿಸಿ ಹಗ್ಗ ಹಿಡಿದ. ಕೇಸರಿ ಮೇಲಾಗಿ ಬಾವುಟ ಗಾಳಿಗೆ ಬಿಚ್ಚಿಕೊಂಡಾಗ ಗುರುಸಂಗಪ್ಪನ ಕೈಯೂ ತಾನಾಗಿ ಹಣೆಗೆ ಹೋಯಿತು. ಫೋಟೋ ತೆಗೆಯಲು ಮಾತ್ರ ಯಾರೂ ಇರಲಿಲ್ಲ.